ಮೇ ತಿಂಗಳಲ್ಲಿ ಓಡಿದ ಮೊಸಳೆ

ಕೋವಿಡ್ ಮುಗಿದ ಮೇಲಿನ ಎರಡನೆಯ ಬೇಸಿಗೆ ಅದು. ಮುಂಬಯಿ ಉಪನಗರದ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಿಂದ ನಾನು ಆಗಷ್ಟೇ ನಿವೃತ್ತಳಾಗಿದ್ದೆ. ಮನೆಯಲ್ಲಿ ಕೂರಲಾಗದೆ ಪವಾಯಿಯ ಒಂದು ದೊಡ್ಡ ವಸತಿ ಸಂಕೀರ್ಣದ ಕ್ಲಬ್ಬಿನಲ್ಲಿ ಅರೆಕಾಲಿಕ ಮೆಡಿಕಲ್ ಆಫೀಸರ್ ಆಗಿ ಸೇರಿಕೊಂಡೆ. ದಹಿಸರ್‌ನಿಂದ ಲೋಕಲ್ ರೈಲು ಹಿಡಿದು ಅಂಧೇರಿ, ಅಲ್ಲಿಂದ ಬಸ್ಸಿನಲ್ಲಿ ಪವಾಯಿ. ಜಿಮ್ಮಿಗೆ ಬರುವವರ ಬಿ.ಪಿ. ನೋಡುವುದು, ಈಜುಕೊಳದಲ್ಲಿ ಜಾರಿಬಿದ್ದ ಮಕ್ಕಳ ಮೊಣಕಾಲಿಗೆ ಪಟ್ಟಿ ಹಾಕುವುದು, ವರ್ಷಕ್ಕೊಮ್ಮೆ ಕ್ಲಬ್ ನಡೆಸುವ ಓಟದ ದಿನ ಬಿಳಿ ಕೋಟು ಹಾಕಿಕೊಂಡು ಡೇರೆಯಲ್ಲಿ ಕೂರುವುದು. ಕೆಲಸವೆಂದರೆ ಇಷ್ಟೇ.

ಈ ಪ್ರಸಂಗವನ್ನು ಎಷ್ಟೋ ಜನಕ್ಕೆ ಎಷ್ಟೋ ಸಲ ಹೇಳಿದ್ದೇನೆ. ಹೇಳಿ ಹೇಳಿ ಅದು ನುಣುಪಾಗಿದೆ. ಎಲ್ಲಿ ನುಣುಪಾಗಿದೆಯೋ ಅಲ್ಲಿ ನನಗೇ ಅನುಮಾನ. ಹಾಗಾಗಿ ಇಲ್ಲಿ ಅನುಮಾನ ಬಂದ ಕಡೆ ಅನುಮಾನ ಎಂದೇ ಬರೆಯುತ್ತೇನೆ. ಒಂದು ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಯಾರನ್ನೋ ಕ್ಷಮಿಸಿದೆ ಎಂದು ಹೇಳಿ ಮುಗಿಸುವ ಬರಹವಲ್ಲ ಇದು.

ಕ್ಲಬ್ಬಿನ ಸೆಕ್ರೆಟರಿ ಮುರಳೀಧರ್ ಬೆಂಗಳೂರಿನವರು, ಜಯನಗರದಲ್ಲಿ ಬೆಳೆದವರು. ಪವಾಯಿಯ ಐ.ಟಿ. ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ. ನನ್ನನ್ನು ಕೆಲಸಕ್ಕೆ ಕರೆದವರು ಅವರೇ. ಸಂದರ್ಶನದಲ್ಲಿ ನನ್ನ ಊರು ಮೈಸೂರು ಎಂದು ತಿಳಿದ ಕ್ಷಣ ಇಂಗ್ಲಿಷ್ ಬಿಟ್ಟು, "ಅಯ್ಯೋ, ನಮ್ಮೋರೇ ಆದ್ರಲ್ಲ ಡಾಕ್ಟ್ರೇ! ಇನ್ನೇನು ಕೇಳೋದು ನಿಮ್ಮನ್ನ, ಕಾಫಿ ಕುಡೀರಿ" ಎಂದಿದ್ದರು. ಅವರ ಹೆಂಡತಿ ಹಬ್ಬಗಳಲ್ಲಿ ನನಗೆ ಬಿಸಿಬೇಳೆಬಾತ್ ಕಟ್ಟಿ ಕಳಿಸುತ್ತಿದ್ದರು. ನನ್ನ ಸೇಡಿಗೆ ಅಡ್ಡ ಬಂದದ್ದೇನಾದರೂ ಇದ್ದರೆ ಆ ಬಿಸಿಬೇಳೆಬಾತ್ ಒಂದೇ.

ಕ್ಲಬ್ಬಿನ ರನ್ನಿಂಗ್ ಟ್ರೇನರ್ ಇಮ್ತಿಯಾಜ್. ಮೂವತ್ತರ ಆಸುಪಾಸು, ಇಂಡಿ ತಾಲೂಕಿನವನು. ಹೆಂಡತಿಯೊಂದಿಗೆ ಬೈಕುಲ್ಲಾದ ಚಾಳಿನಲ್ಲಿ ಇದ್ದ. ಮೊದಲ ಲೋಕಲ್ ಹಿಡಿದು ಕಾಂಜೂರ್‌ಮಾರ್ಗ್‌ನಲ್ಲಿ ಇಳಿದು ಬೆಳಕು ಹರಿಯುವ ಮುಂಚೆ ಪವಾಯಿ ಕೆರೆಯ ದಂಡೆಯಲ್ಲಿ ನಿಂತಿರುತ್ತಿದ್ದ. ದಪ್ಪ ಹೊಟ್ಟೆಯ ಮ್ಯಾನೇಜರುಗಳನ್ನು ಮೂರು ತಿಂಗಳಲ್ಲಿ ಹತ್ತು ಕಿಲೋಮೀಟರ್ ಓಡಿಸುವುದು ಅವನ ಕಸುಬು. ಹಿಂದಿಯಲ್ಲಿ ಗದರುತ್ತ, ಮರಾಠಿಯಲ್ಲಿ ಪುಸಲಾಯಿಸುತ್ತ ಓಡಿಸುವವನು ನನ್ನ ಕೋಣೆಗೆ ಬಂದರೆ ಮಾತ್ರ ಕನ್ನಡ.

"ಅಕ್ಕಾರ, ಇವತ್ತ ಹನ್ನೆರಡನೇ ಮಾಳಿಗಿ ಸಾಹೇಬ್ರು ಅರ್ಧಾ ದಾರ್ಯಾಗ ಆಟೊ ಹತ್ತಿದ್ರು ನೋಡ್ರಿ. ನಾ ಹಿಂದ ನೋಡ್ತೀನಿ, ಮನಷ್ಯಾನ ಇಲ್ಲ!"

ಅವನಲ್ಲಿ ಒಂದೇ ದೋಷವಿತ್ತು. ಅದು ಅವನ ಊರಿನ ಎಲ್ಲರಲ್ಲೂ ಇರುವ ದೋಷ. ಮುಂಬಯಿಯ ಬಿಸಿಲನ್ನು ಅವನು ಬಿಸಿಲೆಂದು ಒಪ್ಪುತ್ತಿರಲಿಲ್ಲ. "ಮೂವತ್ನಾಕ ಡಿಗ್ರಿಗೆ ಪೇಪರ್‌ನ್ಯಾಗ ಹಾಕ್ತಾರಲ್ರೀ ಈ ಮಂದಿ! ನಮ್ಮಲ್ಲಿ ನಲವತ್ತೆರಡಾದ್ರೂ ಹೊಲಕ್ಕ ಹೋಗ್ತೇವಿ. ಇದು ನಮಗ ನೆಳ್ಳು."

ನಾನು ಅವನಿಗೆ ವಿವರಿಸಿದ್ದೆ. ಅವನ ಊರಿನಲ್ಲಿ ಗಾಳಿ ಒಣ. ಬೆವರು ಕಾಣುವ ಮುಂಚೆಯೇ ಆರಿಹೋಗುತ್ತದೆ, ಆರುವಾಗ ಮೈಯ ಕಾವನ್ನೂ ಹೊತ್ತೊಯ್ಯುತ್ತದೆ. ಮುಂಬಯಿಯಲ್ಲಿ ಗಾಳಿಯೇ ಒದ್ದೆ ಬಟ್ಟೆಯಂತೆ. ಬೆವರು ಹರಿಯುತ್ತದೆ, ಆರುವುದಿಲ್ಲ. ಹರಿಯುವ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಮೈಯಲ್ಲಿನ ನೀರು ಉಪ್ಪುಗಳನ್ನು ಖಾಲಿ ಮಾಡುತ್ತದೆ, ಅಷ್ಟೆ. ಥರ್ಮಾಮೀಟರಿನ ಅಂಕಿ ಕಡಿಮೆ ಇದ್ದರೂ ಓಡುವವನ ಒಳಗೆ ಒಲೆ ಉರಿಯುತ್ತಲೇ ಇರುತ್ತದೆ. ಅವನು ತಲೆಯಾಡಿಸಿ, "ಹೌದ್ರೀ ಅಕ್ಕಾರ, ಖರೇ ಐತಿ" ಎಂದು ಹೇಳಿ, ಹೊರಗೆ ಹೋಗಿ ಈ ಬಿಸಿಲು ನೆರಳಿದ್ದ ಹಾಗೆ ಎಂಬ ಅದೇ ಮಾತನ್ನು ಮತ್ತೆ ಯಾರಿಗೋ ಹೇಳುತ್ತಿದ್ದ. ನೆಳ್ಳು.

ಕ್ಲಬ್ಬಿನ ಓಟ ಜನವರಿಯಲ್ಲಿ ನಡೆಯಬೇಕು. ಆ ವರ್ಷ ಮೇ ತಿಂಗಳಿಗೆ ಹೋಯಿತು. ಪ್ರಾಯೋಜಕರಾಗಿ ಹಣ್ಣಿನ ರಸದ ಕಂಪನಿಯೊಂದು ಸಿಕ್ಕಿತ್ತು, ಅವರಿಗೆ ಬೇಸಿಗೆಯೇ ಬೇಕಿತ್ತು. ನಾನು ವಿರೋಧಿಸಿದೆ. "ಬೆಳಿಗ್ಗೆ ಆರಕ್ಕೇ ಶುರು ಮಾಡಿಬಿಡ್ತೀವಿ ಡಾಕ್ಟ್ರೇ, ಏಳೂವರೆಗೆ ಎಲ್ಲಾ ಮುಗಿದೇ ಹೋಗಿರುತ್ತೆ" ಎಂದರು ಮುರಳೀಧರ್. ಒಪ್ಪಿಕೊಂಡೆ. ಆರಕ್ಕೆ ಶುರುವಾದರೆ ಅದು ಸುರಕ್ಷಿತವೇ ಆಗಿತ್ತು.

ಪವಾಯಿ ಕೆರೆಯಲ್ಲಿ ಮೊಸಳೆಗಳಿವೆ. ಅದಕ್ಕೇ ಆ ವರ್ಷದ ಓಟಕ್ಕೆ ಮೊಸಳೆಯೇ ಗುರುತು. ಟೀ ಶರ್ಟಿನ ಮೇಲೆ ಮೊಸಳೆ, ಪದಕದ ಮೇಲೆ ಮೊಸಳೆ. ಜೊತೆಗೆ ಮಕ್ಕಳಿಗೆ ಕೈಕುಲುಕಲು ಒಂದು ದೊಡ್ಡ ಮೊಸಳೆಯ ವೇಷ: ಒಳಗೆ ಫೋಮ್, ಹೊರಗೆ ಹಸಿರು ಸ್ಯಾಟಿನ್, ಬಾಲ ಬೇರೆ. ಬಾಡಿಗೆಗೆ ಕರೆಸಿದ ಹುಡುಗ ಬರಲಿಲ್ಲ. ಮುರಳೀಧರ್ ಇಮ್ತಿಯಾಜ್‌ನ ಹೆಗಲಿಗೆ ಕೈ ಹಾಕಿ, "ನೀನೇ ಹಾಕ್ಕೊಳಪ್ಪ. ನಿಮ್ಮೂರ ಬಿಸಿಲಿಗೆ ಇದ್ಯಾವ ಲೆಕ್ಕ?" ಎಂದರು. ಇಮ್ತಿಯಾಜ್ ನಕ್ಕು, "ಹೌದ್ರಿ ಸರ್, ನೆಳ್ಳು ಇದು" ಎಂದು ವೇಷದೊಳಗೆ ಕಾಲು ತೂರಿಸಿದ. ಇಬ್ಬರೂ ನಕ್ಕಿದ್ದು ನನಗೆ ನೆನಪಿದೆ. ನಾನು ಅಲ್ಲಿದ್ದೆನೋ, ಆಮೇಲೆ ಕೇಳಿದೆನೋ, ಖಚಿತವಿಲ್ಲ. ಅಲ್ಲಿದ್ದಿದ್ದರೆ ಬೇಡವೆನ್ನುತ್ತಿದ್ದೆ ಎಂದುಕೊಳ್ಳುತ್ತೇನೆ. ಹಾಗೆ ಅಂದುಕೊಳ್ಳುವುದು ಸುಲಭ.

ಆರಕ್ಕೆ ಓಟ ಶುರುವಾಗಲಿಲ್ಲ. ಮುಖ್ಯ ಅತಿಥಿ ಬಂದಿರಲಿಲ್ಲ. ಏಳಾಯಿತು, ಎಂಟಾಯಿತು. ಸ್ಪೀಕರಿನಲ್ಲಿ ಢಣಢಣ ಹಾಡು. ಜನರನ್ನು ಹಿಡಿದಿಡಲು ವೇದಿಕೆಯಿಂದ ಜುಂಬಾ ನೃತ್ಯ. ಬಿಸಿಲು ಏರುತ್ತಿತ್ತು. ಮೊಸಳೆ ಕುಣಿಯುತ್ತಲೇ ಇತ್ತು, ಮಕ್ಕಳು ಅದರ ಬಾಲ ಎಳೆಯುತ್ತಿದ್ದರು. ಕೊನೆಗೆ ಅತಿಥಿ ಬಂದು ಬಾವುಟ ಬೀಸಿದಾಗ ಮೊಸಳೆ ಎಲ್ಲರಿಗಿಂತ ಮುಂದೆ ಓಡಬೇಕೆಂದು ಮೈಕಿನಲ್ಲಿ ಘೋಷಣೆಯಾಯಿತು.

ಒಂದು ಸುತ್ತು ಮುಗಿಸಿ ಮೊಸಳೆ ವಾಪಸು ಬಂತು. ಮುರಳೀಧರ್ ಫೋಟೋಗಾಗಿ ಅದರ ಪಕ್ಕಕ್ಕೆ ಹೋದರು. ಮೊಸಳೆ ಅವರನ್ನು ಎರಡೂ ಕೈಯಿಂದ ದೂಡಿ, "ಏ ಹಟ್! ಹಟ್ ಸಾಲೇ!" ಎಂದು ಕಿರುಚಿತು. ಜನ ಬಿದ್ದು ಬಿದ್ದು ನಕ್ಕರು. ಮೊಸಳೆ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಕಾಲು ಕತ್ತರಿ ಹಾಕಿತು. ಚಪ್ಪಾಳೆ. ಯಾರೋ ಸಿಳ್ಳೆ ಹೊಡೆದರು. ಹಾಡಿನ ತಾಳಕ್ಕೆ ಸರಿಯಾಗಿಯೇ ವಾಲುತ್ತಿದೆ ಎಂದು ಎಲ್ಲರಿಗೂ ಅನ್ನಿಸಿರಬೇಕು.

ನಾನು ಎದ್ದುನಿಂತೆ. ಇಮ್ತಿಯಾಜ್ ಓಡಿಸುವಾಗ ಗದರಿದರೂ ಯಾರಿಗೂ ಕೆಟ್ಟ ಮಾತು ಆಡಿದವನಲ್ಲ. ಬಿಸಿಲಿನಲ್ಲಿ ವ್ಯಾಯಾಮ ಮಾಡುವವರಿಗೆ ಬಡಿಯುವ ಹೀಟ್ ಸ್ಟ್ರೋಕ್ ಮೊದಲು ಕಾಣಿಸಿಕೊಳ್ಳುವುದು ಮೈಯಲ್ಲಿ ಅಲ್ಲ, ನಡತೆಯಲ್ಲಿ. ಮಿದುಳು ಬೇಯಲು ಶುರುವಾದಾಗ ಸಂಭಾವಿತ ಮನುಷ್ಯ ಜಗಳಗಂಟನಾಗುತ್ತಾನೆ, ಊರಿನ ಹೆಸರು ಮರೆಯುತ್ತಾನೆ, ಕುಡಿದವನಂತೆ ನಡೆಯುತ್ತಾನೆ. ಮೈ ಒಣಗಿರಬೇಕು, ಬೆವರು ನಿಂತಿರಬೇಕು ಎಂದು ಕಾಯುವಂತಿಲ್ಲ. ಓಡುವವರು ಬೆವರಿನಲ್ಲಿ ತೊಯ್ದುಕೊಂಡೇ ಸಾಯುತ್ತಾರೆ. ನಾನು ಹತ್ತಿರ ತಲುಪುವಷ್ಟರಲ್ಲಿ ಮೊಸಳೆ ಮುಖ ಅಡಿಯಾಗಿ ಬಿದ್ದಿತ್ತು. ಚಪ್ಪಾಳೆ ಇನ್ನೂ ಕೇಳುತ್ತಿತ್ತು.

ವೇಷದ ಜಿಪ್ಪು ಬೆನ್ನಿನಲ್ಲಿತ್ತು, ಬಟ್ಟೆ ಕಚ್ಚಿಕೊಂಡು ಬರಲಿಲ್ಲ. ಕತ್ತರಿಯಿಂದ ಕತ್ತರಿಸಿದೆ. ಒಳಗಿನಿಂದ ಹೊರಬಿದ್ದ ಹಬೆಯ ನೆನಪು ಈಗಲೂ ನನ್ನ ಅಂಗೈಯಲ್ಲಿದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಸೆಕ್ಯೂರಿಟಿಯವನು ಕೋವಿಡ್ ಕಾಲದ ಹಣೆಯ ಥರ್ಮಾಮೀಟರ್ ತಂದು ಗುರಿ ಹಿಡಿದ. "ನಾರ್ಮಲ್ ಹೈ ಮ್ಯಾಡಮ್." ಒದ್ದೆ ಹಣೆ ಯಾವಾಗಲೂ ಸುಳ್ಳು ಹೇಳುತ್ತದೆ. ಓಡಿ ಬಿದ್ದವನ ನಿಜವಾದ ಕಾವು ತಿಳಿಯುವುದು ಗುದದ್ವಾರದ ಥರ್ಮಾಮೀಟರಿನಿಂದ ಮಾತ್ರ. ನಾನು ಅದನ್ನು ಕೈಗೆತ್ತಿಕೊಂಡಾಗ ಮುರಳೀಧರ್ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದರು:

"ಇಲ್ಲೇ ಬೇಡ ಡಾಕ್ಟ್ರೇ, ಪ್ಲೀಸ್. ಚೀಫ್ ಗೆಸ್ಟ್ ನೋಡ್ತಿದ್ದಾರೆ. ಹಿಂದಿನ ಗೇಟಿಗೆ ಆಂಬ್ಯುಲೆನ್ಸ್ ಕರೆಸ್ತೀನಿ, ಕಳಿಸಿಬಿಡೋಣ."

ಟವೆಲ್ ಅಡ್ಡ ಹಿಡಿಯಲು ಇಬ್ಬರು ಹೆಂಗಸರನ್ನು ಕರೆದು ಥರ್ಮಾಮೀಟರ್ ಹಾಕಿದೆ. ನಲವತ್ತೊಂದು ಡಿಗ್ರಿ ಸೆಲ್ಸಿಯಸ್ ದಾಟಿತ್ತು.

ಇಂಥ ಹೊತ್ತಿನಲ್ಲಿ ನಮ್ಮ ವಿಭಾಗದ ನಿಯಮ ಒಂದೇ: ಮೊದಲು ತಂಪು ಮಾಡು, ಆಮೇಲೆ ಸಾಗಿಸು. ಆಂಬ್ಯುಲೆನ್ಸಿನಲ್ಲಿ ಹಾಕಿ ಟ್ರಾಫಿಕ್ಕಿನಲ್ಲಿ ಬೇಯಿಸಿದರೆ ಆಸ್ಪತ್ರೆಗೆ ಹೆಣ ಸೇರುತ್ತದೆ. ಅರ್ಧ ಗಂಟೆಯೊಳಗೆ ಒಳಗಿನ ಕಾವು ಇಳಿದರೆ ಬಹುತೇಕ ಬದುಕುತ್ತಾರೆ. ಇಳಿಸಲು ಬೇಕಾದದ್ದು ಕುತ್ತಿಗೆಯವರೆಗೂ ತಣ್ಣೀರು, ಇನ್ನೇನೂ ಅಲ್ಲ. ಕೂಗಳತೆಯಲ್ಲಿ ಕ್ಲಬ್ಬಿನ ಈಜುಕೊಳ, ಅದರ ಪಕ್ಕ ಮಕ್ಕಳ ಚಿಕ್ಕ ಕೊಳ. ಗೇಟಿಗೆ ಬೀಗ.

ಕೀಲಿ ಇದ್ದದ್ದು ಕೊಳದ ಮೇಲ್ವಿಚಾರಕ ಸಾವಂತ್ ಬಳಿ. ಆತ ಕೆಟ್ಟವನಲ್ಲ. ಸೊಂಟದ ಕೀಲಿಯನ್ನು ಅಂಗೈಯಿಂದ ಒತ್ತಿಹಿಡಿದಿದ್ದ. "ಮ್ಯಾಡಮ್, ಸ್ಟಾಫ್ ಕೋ ಪೂಲ್ ಮೇ ಅಲೌಡ್ ನಹೀ ಹೈ. ಸಾಹೇಬ್ ಬೋಲೇಂಗೇ ತೋ ಖೋಲತೋ ನಾ!" ಕೆಲಸದವರು ಸದಸ್ಯರ ನೀರಿಗೆ ಇಳಿಯಬಾರದು ಎಂಬುದು ಕ್ಲಬ್ಬಿನ ನಿಯಮ, ಸಾಹೇಬರು ಹೇಳಿದರೆ ಮಾತ್ರ ಬೀಗ ತೆಗೆಯುತ್ತಾನಂತೆ. ನಾನು ಮುರಳೀಧರ್ ಕಡೆ ತಿರುಗಿದೆ.

ಅವರು ಬೇಡವೆನ್ನಲಿಲ್ಲ. ಇದನ್ನು ಸರಿಯಾಗಿ ಬರೆಯಬೇಕು. ಬೇಡವೆಂದಿದ್ದರೆ ನನ್ನ ದ್ವೇಷ ಇಷ್ಟು ದಿನ ಬಾಳುತ್ತಿರಲಿಲ್ಲ. ಅವರು ಅಂದದ್ದು, "ಒಂದ್ನಿಮಿಷ ಡಾಕ್ಟ್ರೇ, ಪ್ರೆಸಿಡೆಂಟ್‌ಗೆ ಒಂದು ಫೋನ್ ಮಾಡಿಬಿಡ್ತೀನಿ. ಆಮೇಲೆ ಮೆಂಬರ್ಸ್ ಗಲಾಟೆ ಮಾಡಬಾರ್ದು ನೋಡಿ." ಫೋನ್ ಹಚ್ಚಿದರು. ಎತ್ತಲಿಲ್ಲ. ಮತ್ತೆ ಹಚ್ಚಿದರು. ಅವರ ಮುಖದಲ್ಲಿ ಕ್ರೌರ್ಯವಿರಲಿಲ್ಲ, ಶಿಷ್ಟಾಚಾರವಿತ್ತು. ಕಿವಿಗೆ ಫೋನ್ ಒತ್ತಿಕೊಂಡು ನನಗೆ ಬೆರಳೆತ್ತಿ ತೋರಿಸಿದರು, ಒಂದು ನಿಮಿಷ ಎಂದು. ಆ ಬೆರಳನ್ನು ನಾನು ಮರೆತಿಲ್ಲ. ಇಮ್ತಿಯಾಜ್‌ನ ಕಣ್ಣು ಮೇಲೆ ಹೋಗಿತ್ತು, ಕೈಕಾಲು ಸೆಟೆದುಕೊಳ್ಳಲು ಶುರುವಾಗಿತ್ತು.

ಎಷ್ಟು ಹೊತ್ತು ಕಾದೆವು? ನನ್ನ ನೆನಪಿನಲ್ಲಿ ಅದು ಮುಗಿಯದಷ್ಟು ಉದ್ದ. ಟವೆಲ್ ಹಿಡಿದಿದ್ದ ಹೆಂಗಸರಲ್ಲಿ ಒಬ್ಬರು, ನಾಲ್ಕೈದು ನಿಮಿಷ ಅಷ್ಟೇ ಎನ್ನುತ್ತಾರೆ. ಸಾವಂತ್ ಕೊನೆಗೆ ತಾನೇ ಬೀಗ ತೆಗೆದನೋ, ನಾನು ಅವನ ಸೊಂಟದಿಂದ ಕೀಲಿ ಕಿತ್ತುಕೊಂಡೆನೋ, ಅದೂ ಎರಡು ಬಗೆಯಾಗಿ ನೆನಪಿದೆ. ಫೋನಿಗೆ ಉತ್ತರ ಬರುವ ಮುಂಚೆ ಬೀಗ ತೆರೆಯಿತು ಎಂಬುದು ಮಾತ್ರ ನಿಜ. ಮಕ್ಕಳ ಕೊಳದಲ್ಲಿ ಅವನನ್ನು ಕುತ್ತಿಗೆಯವರೆಗೆ ಮಲಗಿಸಿ, ಕಂಕುಳಡಿ ಟವೆಲ್ ಕೊಟ್ಟು ತಲೆ ಎತ್ತಿ ಹಿಡಿದೆವು. ಅತಿಥಿಗಳಿಗಾಗಿ ಹಣ್ಣಿನ ರಸದ ಬಾಟಲಿ ಹೂತಿಟ್ಟಿದ್ದ ಐಸನ್ನೆಲ್ಲ ಟಬ್ಬುಗಟ್ಟಲೆ ತರಿಸಿ ಸುರಿಸಿದೆ. ಕಾವು ಮೂವತ್ತೊಂಬತ್ತಕ್ಕೆ ಬಂದ ಮೇಲೆ ಆಂಬ್ಯುಲೆನ್ಸ್ ಹತ್ತಿಸಿದೆವು, ಮುಂದಿನ ಗೇಟಿನಿಂದಲೇ.

ಅವನು ಬದುಕಿದ. ಆದರೆ ಸ್ನಾಯುಗಳು ಕರಗಿ ರಕ್ತಕ್ಕೆ ಸೇರಿ ಮೂತ್ರಪಿಂಡಗಳು ಕಟ್ಟಿಕೊಂಡವು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತ್ತು. ಕೆಲವು ಸಲ ಡಯಾಲಿಸಿಸ್ ಬೇಕಾಯಿತು. ಮನೆಗೆ ಬಂದ ಮೇಲೂ ಚಾಳಿನ ಮೆಟ್ಟಿಲು ಹತ್ತಿದರೆ ಏದುಸಿರು. ನಾನು ಬೈಕುಲ್ಲಾಕ್ಕೆ ಹೋದಾಗ ಅವನು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಕೆಳಗಿನ ವರ್ಕ್‌ಶಾಪಿನಿಂದ ತಗಡು ಬಡಿಯುವ ಸದ್ದು ಬರುತ್ತಿತ್ತು.

"ಮತ್ತ ಓಡ್ತೀನೇನ್ರೀ ಅಕ್ಕಾರ?" ಎಂದಷ್ಟೇ ಕೇಳಿದ. ಅವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ.

ಅವನ ಹೆಂಡತಿ ಶಮಾ ಚಹಾ ತಂದಿಟ್ಟು ನಿಂತಳು. "ನೀವು ಬಂದ್ರಿ. ಆ ಸೆಕ್ರೆಟ್ರಿ ಸಾಹೇಬ್ರು ಹಣ್ಣಿನ ಬುಟ್ಟಿ ಕಳಿಸ್ಯಾರ. ಬುಟ್ಟಿ ನೋಡ್ರಿ, ರಿಬ್ಬನ್ನು ಕಟ್ಟೇತಿ, ಮದಿವಿಗೆ ಕೊಟ್ಟಂಗ. ಅವ್ರಿಗೆ ಇಲ್ಲಿತನ ಬರಾಕ ಏನಾಗೇತಿ, ಕಾಲಿಗೆ ಮೆಹಂದಿ ಹಚ್ಗೊಂಡಾರೇನು?"

"ಸುಮ್ಕಿರ" ಎಂದ ಇಮ್ತಿಯಾಜ್.

"ನೀ ಸುಮ್ಕ ಇದ್ದು ಇದ್ದೇ ಮೊಸಳಿ ಆಗಿದ್ದು."

ಕ್ಲಬ್ಬಿನ ಕಮಿಟಿ ಸಭೆ ಸೇರಿದ್ದು ಅದೇ ವಾರ. ಮುರಳೀಧರ್ ಸುಂದರವಾಗಿ ಮಾತಾಡಿದರು. ಇಮ್ತಿಯಾಜ್ ಕ್ಲಬ್ಬಿನ ಮನೆಮಗ ಎಂದರು. ತಕ್ಷಣ ಕೊಳದ ವ್ಯವಸ್ಥೆ ಮಾಡಿದ ಆಡಳಿತದ ಸಮಯಪ್ರಜ್ಞೆಯನ್ನು ಹೊಗಳಿದರು. ಆಮೇಲೆ, "ಅವನೇ ಹೇಳ್ತಿದ್ದ, ನಿಮಗೆಲ್ಲ ಗೊತ್ತು, ನಮ್ಮೂರ ಬಿಸಿಲಿಗೆ ಇದು ನೆರಳು ಅಂತ. ಓವರ್‌ಕಾನ್ಫಿಡೆನ್ಸ್. ಪಾಪ" ಎಂದು ಎಲ್ಲರಿಗೂ ತಿಳಿಯುವಂತೆ ಇಂಗ್ಲಿಷಿನಲ್ಲಿ ಹೇಳಿದರು. ಪೂರ್ತಿ ಗುಣವಾಗುವವರೆಗೆ ಅವನಿಗೆ ಕೆಲಸ ಇಲ್ಲವೆಂದು ತೀರ್ಮಾನವಾಯಿತು.

ಕೊಳದ ಮಾತಿನ ಹಾಗೆ ಅದೂ ಸುಳ್ಳಾಗಿದ್ದರೆ ಎದ್ದು ಖಂಡಿಸಬಹುದಿತ್ತು. ಇಮ್ತಿಯಾಜ್ ಆ ಮಾತು ಹೇಳಿದ್ದು ನಿಜ. ನಿಜವನ್ನೇ ಎತ್ತಿ ಅವನ ತಲೆಯ ಮೇಲೆ ಹಾಕಿದ್ದರು. ನಾನು ಸಭೆಯಲ್ಲಿ ಬಾಯಿ ಬಿಡಲಿಲ್ಲ. ಕೂಗಾಡಿದರೆ ಅರ್ಧ ಗಂಟೆಯಲ್ಲಿ ಎಲ್ಲವೂ ಮುಗಿಯುತ್ತದೆ, ಅವರು ಕ್ಷಮೆ ಕೇಳುತ್ತಾರೆ, ಕಾಫಿ ತರಿಸುತ್ತಾರೆ. ನನಗೆ ಅವರ ಕ್ಷಮೆ ಬೇಕಿರಲಿಲ್ಲ. ಬೆರಳೆತ್ತಿ ಒಂದು ನಿಮಿಷ ಎನ್ನುವ ಸ್ಥಾನದಲ್ಲಿ ನಾನಿರಬೇಕಿತ್ತು, ಕಾಯುವ ಸ್ಥಾನದಲ್ಲಿ ಅವರು. ಅಷ್ಟು ಮಾತ್ರ ಬೇಕಿತ್ತು.

ಹಾಗಾಗಿ ರಾಜೀನಾಮೆ ಕೊಡದೆ ಉಳಿದೆ. ನಗುನಗುತ್ತ ಸುರಕ್ಷತಾ ನಿಯಮಗಳ ಕರಡು ಬರೆದೆ. ಓಟದ ದಿನ ಡಬ್ಲ್ಯೂ.ಬಿ.ಜಿ.ಟಿ. ಮೀಟರ್ ಇರಬೇಕು. ಗಾಳಿಯ ಬಿಸಿ, ತೇವ, ನೇರ ಬಿಸಿಲು ಮೂರನ್ನೂ ಕೂಡಿಸಿ ಒಂದೇ ಅಂಕಿ ಕೊಡುವ ಉಪಕರಣ ಅದು. ಅಂಕಿ ಗೆರೆ ದಾಟಿದರೆ ಓಟ ಇಲ್ಲ. ನಿಗದಿತ ಸಮಯಕ್ಕಿಂತ ಒಂದು ಗಂಟೆ ತಡವಾದರೆ, ಅಂಕಿ ಏನೇ ಇರಲಿ, ನಿಲ್ಲಿಸುವ ಅಧಿಕಾರ ಮೆಡಿಕಲ್ ಆಫೀಸರ್‌ಗೆ. ವೇಷ ಯಾರಿಗೂ ಇಲ್ಲ. ತಣ್ಣೀರಿನ ಟಬ್ ಓಟಕ್ಕೆ ಮುಂಚೆಯೇ ತುಂಬಿರಬೇಕು. ಮುರಳೀಧರ್ ಓದಿ ಸಂತೋಷಪಟ್ಟರು. "ಸೂಪರ್ ಡಾಕ್ಟ್ರೇ! ಬೇರೆ ಯಾವ ಕ್ಲಬ್ಬಲ್ಲೂ ಇಲ್ಲ ಇದು" ಎಂದು ಪ್ರಾಯೋಜಕರಿಗೆ ತೋರಿಸಲು ಬಣ್ಣದ ಸ್ಲೈಡ್ ಮಾಡಿಸಿಕೊಂಡರು. ಪವಾಯಿಯ ಎಲ್ಲ ವಸತಿ ಸಂಕೀರ್ಣಗಳ ಒಕ್ಕೂಟಕ್ಕೆ ಅಧ್ಯಕ್ಷರಾಗುವ ಆಸೆ ಅವರಿಗೆ ಇತ್ತು. ಮುಂದಿನ ಓಟವೂ ಮೇ ತಿಂಗಳಲ್ಲೇ, ಒಕ್ಕೂಟದವರ ಎದುರಿಗೇ ನಡೆಯಬೇಕಿತ್ತು.

ಇನ್ನೊಂದು ಕಡೆ ಇಮ್ತಿಯಾಜ್‌ನನ್ನು ಮತ್ತೆ ಓಡುವಂತೆ ಮಾಡುವ ಕೆಲಸ. ರಕ್ತಪರೀಕ್ಷೆಗಳೆಲ್ಲ ಸರಿಯಾಗುವವರೆಗೆ ಬರೀ ನಡಿಗೆ. ಚಳಿಗಾಲದಲ್ಲಿ ನಿಧಾನದ ಓಟ. ಮಾರ್ಚ್ ಬಂದ ಮೇಲೆ ಬಿಸಿಲಿಗೆ ಒಗ್ಗಿಸುವುದು. ಮೊದಲ ದಿನ ಹದಿನೈದಿಪ್ಪತ್ತು ನಿಮಿಷ, ದಿನಕ್ಕಿಷ್ಟು ಹೆಚ್ಚಿಸುತ್ತ ಎರಡು ವಾರ. ಅಷ್ಟರಲ್ಲಿ ಮೈ ಬೇಗ ಬೆವರಲು ಕಲಿಯುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ. ಹುಟ್ಟೂರಿನ ಬಿಸಿಲು ಇದಕ್ಕೆ ಬದಲಿಯಲ್ಲ, ಹಳೆಯ ಬೇಸಿಗೆಯ ಅಭ್ಯಾಸವೂ ಅಲ್ಲ. ಪ್ರತಿ ವರ್ಷ, ಪ್ರತಿ ಊರಿನಲ್ಲಿ, ಮೈಗೆ ಮೊದಲಿಂದ ಕಲಿಸಬೇಕು. ಓಟಕ್ಕೆ ಮುಂಚೆ ಮತ್ತು ಆಮೇಲೆ ತೂಕ ನೋಡಿ, ಇಳಿದಷ್ಟನ್ನು ನೀರು, ಓ.ಆರ್.ಎಸ್., ಉಪ್ಪು ಹಾಕಿದ ಮಜ್ಜಿಗೆಯಿಂದ ತುಂಬಿಸಿಕೊಳ್ಳುವುದು. ಜ್ವರ, ಭೇದಿ, ನಿದ್ದೆಗೆಟ್ಟ ದಿನ ಓಟ ಇಲ್ಲ. ಒಂಟಿಯಾಗಿ ಓಡುವುದಿಲ್ಲ. ಜೊತೆಗಾರ ತಿಕ್ಕಲು ಮಾತಾಡಿದರೆ ಮೊದಲು ನೆರಳಿಗೆ ಎಳೆದು ನೀರು ಸುರಿ, ಆಮೇಲೆ ಕಾರಣ ಕೇಳು.

"ನೆಳ್ಳು ಅಂತಿದ್ದೆಯಲ್ಲೋ?" ಎಂದು ಕೆಣಕಿದರೆ, "ಬಾಯಿಗೆ ಕೀಲಿ ಹಾಕೀನ್ರೀ ಅಕ್ಕಾರ. ಈಗ ಫ್ಯಾನ್ ಬಂದ್ ಮಾಡಿದ್ರೂ ನಿಮ್ಮ ಪರ್ಮಿಶನ್ ಕೇಳ್ತೀನಿ" ಎನ್ನುತ್ತಿದ್ದ.

ಏಪ್ರಿಲ್ ಕೊನೆಗೆ ಅವನ ರಕ್ತಪರೀಕ್ಷೆಯ ಫಲಿತಾಂಶಗಳೆಲ್ಲ ಚೊಕ್ಕ. ಓಡಬಹುದೆಂದು ನಾನೇ ಬರೆದುಕೊಟ್ಟೆ. ಕ್ಲಬ್ಬಿನವರು ಅವನನ್ನು ಆ ವರ್ಷದ ಓಟಕ್ಕೆ ಪೇಸರ್ ಮಾಡಿದರು. ಬೆನ್ನಿಗೆ ಬಾವುಟ ಕಟ್ಟಿಕೊಂಡು ನಿಗದಿತ ವೇಗದಲ್ಲಿ ಮುಂದೆ ಓಡುವವನು, ಉಳಿದವರು ಅವನ ಬೆನ್ನು ಹಿಡಿಯುತ್ತಾರೆ. ಅವತ್ತು ಚೆನ್ನಾಗಿ ಓಡಿ ಮುಗಿಸಿದರೆ ಕೆಲಸ ವಾಪಸು ಎಂದು ಮುರಳೀಧರ್ ಹೇಳಿದ್ದರು. ಅದು ನನಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಆ ಬೆಳಿಗ್ಗೆ ಮೋಡ ಕವಿದಿತ್ತು. ಕೆರೆಯ ಕಡೆಯಿಂದ ಗಾಳಿಯೂ ಇತ್ತು. ಒಕ್ಕೂಟದವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಮುಖ್ಯ ಅತಿಥಿಯಾಗಿ ಬರಬೇಕಿದ್ದ ಧಾರಾವಾಹಿ ನಟನ ಕಾರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದೆ ಎಂದು ಸುದ್ದಿ ಬಂತು. ಓಟ ಶುರುವಾಗಬೇಕಿದ್ದ ಆರು ಗಂಟೆಯಾಯಿತು. ಆರೂವರೆ. ಮುರಳೀಧರ್ ಹಲ್ಲು ಬಿಡುತ್ತ ಗಡಿಯಾರ ನೋಡಿಕೊಳ್ಳುತ್ತಿದ್ದರು. ಇಮ್ತಿಯಾಜ್ ಗೆರೆಯ ಬಳಿ ಬಾವುಟ ಬೆನ್ನಿಗೆ ಕಟ್ಟಿಕೊಂಡು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತಿದ್ದ. ಅವನ ಹಿಂದೆ ನೂರಾರು ಜನ.

ಏಳು ಹೊಡೆದ ಮೇಲೆ ನಾನು ವೇದಿಕೆ ಹತ್ತಿದೆ. ಮುರಳೀಧರ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಡಾಕ್ಟ್ರೇ, ಮೋಡ ಇದೆಯಲ್ಲ! ಕಾರು ಗೇಟಿಗೆ ಬಂದೇಬಿಡ್ತು. ಹತ್ತೇ ನಿಮಿಷ."

"ಒಂದು ಗಂಟೆ ದಾಟಿದೆ ಮುರಳಿಯವರೇ. ನಿಯಮ ನೀವೇ ಸಹಿ ಮಾಡಿದ್ದು."

"ಅದು ಸರಿ, ಆದ್ರೆ ಮೀಟರಲ್ಲಿ ಎಷ್ಟಿದೆ ತೋರಿಸಿ." ಮೀಟರ್ ನನ್ನ ಕೈಯಲ್ಲೇ ಇತ್ತು. ಅದರ ಮುಖವನ್ನು ನಾನು ಅಂಗೈಯಿಂದ ಮುಚ್ಚಿಕೊಂಡಿದ್ದೆ ಎಂದು ಅವರು ಆಮೇಲೆ ಎಲ್ಲರಿಗೂ ಹೇಳಿಕೊಂಡು ಬಂದರು. ಇರಬಹುದು. ಅಂಕಿ ಎಷ್ಟಿತ್ತೆಂದು ನನಗೆ ನೆನಪಿಲ್ಲ. ಗೆರೆಯ ಕೆಳಗಿತ್ತು ಎಂಬುದು ನೆನಪಿದೆ.

"ನಮ್ಮೋರೇ ಅಲ್ವಾ ಡಾಕ್ಟ್ರೇ" ಎಂದರು ಅವರು, ದನಿ ತಗ್ಗಿಸಿ. "ಎಲ್ಲಾ ಬಂದು ಕೂತಿದ್ದಾರೆ. ಮರ್ಯಾದೆ ಹೋಗುತ್ತೆ. ಅಡ್ಜಸ್ಟ್ ಮಾಡ್ಕೊಳ್ಳಿ, ನಿಮ್ಮ ಕಾಲು ಹಿಡ್ಕೋತೀನಿ."

ನಾನು ಅವರ ಮುಖದ ಮುಂದೆ ಒಂದು ಬೆರಳು ಎತ್ತಿ ಹಿಡಿದೆ. ಆಮೇಲೆ ಮೈಕ್ ತೆಗೆದುಕೊಂಡೆ.

ಇಲ್ಲಿಂದ ಮುಂದೆ ನನ್ನ ನೆನಪು ಬಹಳ ಚೆನ್ನಾಗಿದೆ. ಅದಕ್ಕೇ ಅದನ್ನು ನಂಬಬೇಡಿ. ಒಂದು ವರ್ಷ ಮನಸ್ಸಿನಲ್ಲೇ ತಿದ್ದಿ ತೀಡಿದ ಭಾಷಣವನ್ನು ಅಲ್ಲಿ ಮಾಡಿದೆನೆಂದು ನನ್ನ ನೆನಪು. ಬೀಗ, ಫೋನು, ಹಿಂದಿನ ಗೇಟು, ಮನೆಮಗ, ಹಣ್ಣಿನ ಬುಟ್ಟಿ, ಒಂದೊಂದನ್ನೂ ಹೆಸರಿಟ್ಟು ಹೇಳಿದೆ, ಮುಂದಿನ ಸಾಲಿನವರು ತಲೆ ತಗ್ಗಿಸಿದರು ಎಂದು. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೊ ಆಮೇಲೆ ನೋಡಿದೆ. ಅದರಲ್ಲಿ ನಾನು ಹಿಂದಿಯಲ್ಲಿ ಎರಡು ವಾಕ್ಯ ಹೇಳುತ್ತೇನೆ. ಓಟ ರದ್ದಾಗಿದೆ. ಎಲ್ಲರೂ ನೆರಳಿಗೆ ಹೋಗಿ ನೀರು ಕುಡಿಯಿರಿ. ಅಷ್ಟೇ. ಉಳಿದ ಹೊತ್ತೆಲ್ಲ ಸುಮ್ಮನೆ ನಿಂತಿದ್ದೇನೆ. ಜನ ಕೂಗುತ್ತಿದ್ದಾರೆ. ಪಕ್ಕದಲ್ಲಿ ಮುರಳೀಧರ್, ಕೈಯಲ್ಲಿ ಮಡಿಸಿದ ಬಾವುಟ. ಗೇಟಿನಲ್ಲಿ ನಟನ ಕಾರು ಬಂದು, ಒಳಗೆ ಬರದೆ, ಹಿಂದಕ್ಕೆ ತಿರುಗುತ್ತಿದೆ. ಆ ವಿಡಿಯೊವನ್ನು ನಾನು ಹಲವು ಸಲ ನೋಡಿದ್ದೇನೆ. ಮುರಳೀಧರ್ ಮುಖ ಕಾಣುವ ಕಡೆ ನಿಲ್ಲಿಸಿ ನೋಡಿದ್ದೇನೆ. ಚೆನ್ನಾಗಿದೆ.

ಡೇರೆಗೆ ವಾಪಸು ಬಂದಾಗ ಇಮ್ತಿಯಾಜ್ ಅಲ್ಲಿ ಕೂತಿದ್ದ. ಬೆನ್ನಿನ ಬಾವುಟ ಬಿಚ್ಚಿರಲಿಲ್ಲ.

"ಅಕ್ಕಾರ, ಒಂದ್ ಮಾತ ಕೇಳ್ತೀನಿ. ಸಿಟ್ಟಿಗೇಳಬ್ಯಾಡ್ರಿ. ನೀವು ಓಟ ಬಂದ್ ಮಾಡಿದ್ದು ನಮ್ಮ ಕಡೆ ನೋಡೇನು, ಅವ್ರ ಕಡೆ ನೋಡೇನು?"

"ಅವರ ಕಡೆ ನೋಡಿ."

ಅವನು ತಲೆಯಾಡಿಸಿದ. "ಇವತ್ತ ನಾ ಓಡಬಹುದಿತ್ತಲ್ರೀ?"

"ಓಡಬಹುದಿತ್ತು. ನಿನಗೆ ಏನೂ ಆಗ್ತಿರಲಿಲ್ಲ."

"ಹಂಗಾರ ನನ್ನ ಓಟಾನೂ ನೀವ ತಿಂದ್ರಿ." ಬೈಯುವ ದನಿಯಲ್ಲ. ಊಟಕ್ಕೆ ಕೂತವನ ತಟ್ಟೆ ಎಳೆದುಕೊಂಡಾಗ ಬರುವ ದನಿ. "ಅವ್ರು ಮೊಸಳಿ ಮಾಡಿದಾಗ ನನ್ನ ಕೇಳಲಿಲ್ಲ. ನೀವೂ ಕೇಳಲಿಲ್ಲ. ಕೇಳಿದ್ರ ನಾನೂ ಬಂದ್ ಮಾಡ್ರಿ ಅಂತಿದ್ದೆ, ಖುದಾನ ಕಸಂ. ಆದ್ರ ಕೇಳಬೇಕಿತ್ತಲ್ಲ."

ಅವನು ಎದ್ದು ಕಾಂಜೂರ್‌ಮಾರ್ಗ್‌ ಕಡೆ ನಡೆದ.

ಮುರಳೀಧರ್ ಒಕ್ಕೂಟದ ಅಧ್ಯಕ್ಷರಾಗಲಿಲ್ಲ. ಬಿಸಿಬೇಳೆಬಾತ್ ನಿಂತಿತು. ಕ್ಲಬ್ಬಿನ ಓಟ ಜನವರಿಗೆ ಮರಳಿತು. ಸರಿಯಾದ ಸಮಯಕ್ಕೆ ಬಾವುಟ ಬೀಸುತ್ತಾರೆ, ಅತಿಥಿ ಬಂದಿರಲಿ ಬಿಡಲಿ. ಇಮ್ತಿಯಾಜ್‌ಗೆ ಕೆಲಸ ವಾಪಸು ಸಿಕ್ಕಿತು, ಆದರೆ ತಡವಾಗಿ. ಕಮಿಟಿ ಬದಲಾದ ಮೇಲೆ. ನಡುವಿನ ತಿಂಗಳುಗಳಲ್ಲಿ ಅವನು ಬೈಕುಲ್ಲಾದ ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸಿದ. ನನ್ನ ಸೇಡಿನ ಬೆಲೆ ತೆತ್ತವನು ಅವನು. ಇದು ತಿಳಿದೂ, ಅದೇ ಬೆಳಗು ಮತ್ತೆ ಬಂದರೆ ನಾನು ಅವನ ಬಳಿ ಹೋಗಿ ಕೇಳುತ್ತೇನೆ, ಆಮೇಲೆ ಅದೇ ವೇದಿಕೆ ಹತ್ತುತ್ತೇನೆ.

ತುರ್ತು ಚಿಕಿತ್ಸಾ ವಿಭಾಗದಲ್ಲಿ ಅಷ್ಟು ವರ್ಷ ದುಡಿದೂ ಕಲಿಯದ ಒಂದು ಪಾಠವನ್ನು ಈ ಅರೆಕಾಲಿಕ ಕೆಲಸ ಕಲಿಸಿತು. ಬೇಸಿಗೆಯಲ್ಲಿ ಜನರನ್ನು ಓಡಿಸುವ ಕಡೆ ನೀರು, ಐಸ್, ನೆರಳು, ಮೀಟರ್ ಎಲ್ಲ ಇರಬೇಕು. ಆದರೆ ಅವೆಲ್ಲ ಇದ್ದೂ ಒಬ್ಬ ಸಜ್ಜನ, ಒಂದು ನಿಮಿಷ ಎಂದು ಬೆರಳೆತ್ತಿದರೆ ಸಾಕು. ಎಲ್ಲರೂ ಮರ್ಯಾದೆಗೆ ಕಟ್ಟುಬಿದ್ದು ಕಾಯುತ್ತಾರೆ. ಆದ್ದರಿಂದ ಓಟ ನಿಲ್ಲಿಸುವ ಅಧಿಕಾರವನ್ನು ಓಟ ನಡೆಸುವವರ ಸ್ನೇಹಿತರಿಗೆ ಕೊಡಬೇಡಿ. ಅವರನ್ನು ಕ್ಷಮಿಸದ ಒಬ್ಬರಿಗೆ ಕೊಡಿ.